ಟೆನ್ಸ್ ಮೇಷ್ಟ್ರ ನಾಕನೇ ಸಲ

ಕಲ್ಯಾಣದುರ್ಗದಲ್ಲಿ ಬಸ್ಸಿಳಿದ ಓಬುಳಪತಿ ಮೊದಲು ಮಾಡಿದ ಕೆಲಸ ಅಂದರೆ ಟವೆಲ್ಲನ್ನು ತಲೆಗೆ ಸುತ್ತಿ ಅರ್ಧ ಮುಖ ಮುಚ್ಚಿಕೊಂಡಿದ್ದು. ಮೂವತ್ತಮೂರು ವರ್ಷದ ಗಂಡಸು, ಕಳ್ಳತನ ಮಾಡಿಲ್ಲ, ಯಾರ ಮನೆಯನ್ನೂ ಹಾಳು ಮಾಡಿಲ್ಲ, ಆದರೂ ಕಳ್ಳನ ಹಾಗೆ ಗೋಡೆ ಪಕ್ಕ ಸರಿದು ನಡೆಯುತ್ತಿದ್ದ ನೋಡಿ. ಜೇಬಿನಲ್ಲಿದ್ದದ್ದು ಹತ್ತನೇ ಕ್ಲಾಸಿನ ಇಂಗ್ಲಿಷ್ ಪರೀಕ್ಷೆಯ ಹಾಲ್ ಟಿಕೆಟ್ಟು. ಹಿಂದೂಪುರದವರು ಯಾರಾದರೂ ಅದನ್ನು ಕಂಡರೆ ಅವನ ಕಥೆ ಮುಗಿಯಿತು.

ಯಾಕೆ ಅಂತೀರಾ? ಹಿಂದೂಪುರದಲ್ಲಿ ಇವನಿಗೆ ‘ಟೆನ್ಸ್ ಮೇಷ್ಟ್ರು’ ಅಂತಲೇ ಹೆಸರು! ಹುಣಸೆಹಣ್ಣಿನ ಮಂಡಿಯ ಹಿಂದುಗಡೆ ತಗಡಿನ ಶೆಡ್ಡಿನಲ್ಲಿ, ಫೇಲಾದವರಿಗೆ, ಫೇಲಾಗುವ ಭಯ ಇದ್ದವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ. ಅವನ ಪಾಠವೆಲ್ಲ ಬಸ್ಸಿನ ಮೇಲೆಯೇ. “ಲೇಪಾಕ್ಷಿ ಬಸ್ಸು ಹೋಗ್ಬುಡ್ತು” ಅಂದು ಬೆರಳಗಂಟಿನಿಂದ ಮೇಜಿಗೆ ಒಂದು ಕುಟ್ಟು, ಅದು ಪಾಸ್ಟು. “ಹೋಯ್ತಾ ಐತೆ” ಅಂದರೆ ಎರಡು ಕುಟ್ಟು, ಪ್ರೆಸೆಂಟು. “ನಾಳೆ ಹೋಯ್ತದೆ” ಅಂದರೆ ಮೂರು, ಫ್ಯೂಚರು. “ಬಸ್ಸು ಎಲ್ಲೈತೆ ಅಂತ ಮೊದ್ಲು ನೋಡ್ಲಾ, ಆಮೇಲೆ ಬಾಯ್ಬಿಡು” ಅನ್ನುತ್ತಿದ್ದ. ಆ ಕುಟ್ಟು ಕೇಳಿದರೆ ಎಂಥ ದಡ್ಡನೂ ವಾಕ್ಯ ಸರಿಯಾಗಿ ಹೇಳಿಬಿಡುತ್ತಿದ್ದ.

ಆದರೆ ಈ ಮಹಾನುಭಾವನೇ ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದವನು. ಗೊತ್ತಿಲ್ಲದೆ ಅಲ್ಲ, ಬರೀ ಭಯಕ್ಕೆ. ಪರೀಕ್ಷೆ ಹಾಲಿನಲ್ಲಿ ಕೂತರೆ ಸಾಕು, ಕೈ ಮರಗಟ್ಟಿ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಮೂರು ಸಲವೂ ಖಾಲಿ ಪೇಪರು ಕೊಟ್ಟು ಎದ್ದು ಬಂದಿದ್ದ. ಈ ಗುಟ್ಟು ಹೆಂಡತಿ ನಿರ್ಮಲಮ್ಮನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಎಂಬತ್ತಾರರಲ್ಲಿ ಪಕ್ಕದ ಬೀದಿಗೆ ಬಿ.ಎ., ಬಿ.ಎಡ್. ಅಂತ ಬೋರ್ಡು ಹಾಕಿಕೊಂಡು ಹೊಸ ಟ್ಯುಟೋರಿಯಲ್ಲು ಬಂತು. ಅಲ್ಲಿಗೆ ಶುರುವಾಯಿತು ಪೀಕಲಾಟ. “ಮೇಷ್ಟ್ರೇ, ನೀವೇನ್ ಓದಿದ್ದೀರಾ?” ಅಂತ ಮಕ್ಕಳ ಅಪ್ಪಂದಿರು ಕೇಳತೊಡಗಿದರು. ಒಂದು ಸರ್ಟಿಫಿಕೇಟಾದರೂ ಕೈಯಲ್ಲಿರಲಿ ಅಂತ ನಿರ್ಮಲಮ್ಮನೇ ದುಂಬಾಲು ಬಿದ್ದು ಪರೀಕ್ಷೆಗೆ ಕಟ್ಟಿಸಿದಳು. ಗುರುತಿನವರು ಇರಬಾರದು ಅಂತ ಕಲ್ಯಾಣದುರ್ಗದ ಸೆಂಟರು ಬರೆಸಿದ್ದ. ಊರಿಗೆಲ್ಲ “ಬೆಳುಗುಪ್ಪದಾಗೆ ಮದ್ವೆ ಐತೆ” ಅಂತ ಸುಳ್ಳು ಹೇಳಿ ಪಾವಗಡದ ಮೇಲಿನ ಬಸ್ಸು ಹತ್ತಿ ಬಂದಿದ್ದ.

ಪ್ರೈವೇಟಾಗಿ ಕಟ್ಟಿದವರಿಗೆಲ್ಲ ಒಂದೇ ಕೋಣೆ. ನಂಬರು ಹುಡುಕಿ ಕೂತು ತಲೆ ಎತ್ತಿದ. ಮುಂದಿನ ಬೆಂಚಿನಲ್ಲಿ ಮಂಗಳಗೌರಿ! ಹುಣಸೆಹಣ್ಣಿನ ಮಂಡಿಯ ಯಜಮಾನ ಮಲ್ಲಿಕಾರ್ಜುನಪ್ಪನವರ ಸೊಸೆ. ಅವಳ ಮಗಳು ಇವನ ಹತ್ತಿರವೇ ಪಾಠಕ್ಕೆ ಬರುವುದು. ಮಗಳನ್ನು ಕರೆದುಕೊಂಡು ಬಂದು, ಕ್ಲಾಸು ಮುಗಿಯುವ ತನಕ ಶೆಡ್ಡಿನ ಹೊರಗಿನ ಕಲ್ಲಿನ ಮೇಲೆ ಕೂತು ಪಾಠ ಕೇಳುತ್ತಿದ್ದವಳು ಅವಳು. ತವರು ಕಲ್ಯಾಣದುರ್ಗ ಅಂತ ಯಾವಾಗಲೋ ಅಂದಿದ್ದಳು, ಇವನಿಗೆ ಮರೆತೇ ಹೋಗಿತ್ತು. ‘ಕದಿರಿ ನರಸಿಂಹಸ್ವಾಮಿ, ಕಾಪಾಡಪ್ಪಾ! ಇವಳಿಗೆ ಗೊತ್ತಾದ್ರೆ ಮಂಡಿಗೆ ಗೊತ್ತಾದ ಹಾಗೆ, ಮಂಡಿಗೆ ಗೊತ್ತಾದ್ರೆ ನಾಳೆಯಿಂದ ಶೆಡ್ಡಿಗೆ ಬೀಗವೇ’ ಅಂದುಕೊಂಡ. ಪುಣ್ಯಕ್ಕೆ ಅವಳಿನ್ನೂ ಹಿಂದೆ ತಿರುಗಿರಲಿಲ್ಲ.

ಪೇಪರು ಕೈಗೆ ಬಂತು. ಮೊದಲ ಪ್ರಶ್ನೆಯೇ ಟೆನ್ಸು, ಬಿಟ್ಟ ಜಾಗ ತುಂಬಿಸುವುದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂಥವು. ಆದರೆ ಅಕ್ಷರಗಳೆಲ್ಲ ಕಲಸಿಕೊಂಡು ಕಂಡವು. ಇಪ್ಪತ್ತು ನಿಮಿಷ ಕಳೆದರೂ ಪೆನ್ನಿನ ಮುಚ್ಚಳ ತೆಗೆಯಲು ಬೆರಳು ಬಗ್ಗಲಿಲ್ಲ. ಈ ಸಲವೂ ಇಷ್ಟೇ ಅಂತ ಅವನಿಗೆ ಖಾತ್ರಿಯಾಯಿತು.

ಆಗ ಗಮನಿಸಿದ, ಮಂಗಳಗೌರಿಯ ಮೊಣಕೈಯೂ ಅಲ್ಲಾಡುತ್ತಿರಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಲ್ ಟಿಕೆಟ್ಟು ಮಡಿಚಿ ಕರ್ಚೀಫಿನೊಳಗೆ ಇಟ್ಟಳು. ಮೆಲ್ಲಗೆ ಕಾಲನ್ನು ಬೆಂಚಿನ ಹೊರಗೆ ಚಾಚಿದಳು. ಆ ಏಳುವ ರೀತಿ ಇವನಿಗೆ ಚೆನ್ನಾಗಿ ಗೊತ್ತು, ತಾನೇ ಮೂರು ಸಲ ಹಾಗೆ ಎದ್ದವನಲ್ಲವೇ.

ಬಾಗಿಲು ಮುಂದುಗಡೆ ಇತ್ತು. ಅವಳು ಹಿಂದೆ ನೋಡದೆ ಹೊರಟುಬಿಡುತ್ತಾಳೆ. ‘ಹೋಗ್ಲಿ ಬಿಡು, ನೀನು ಬಚಾವಾದೆ’ ಅಂತು ಮನಸ್ಸು. ಥೂ, ಎಂಥ ಮನುಷ್ಯನೋ ನಾನು ಅಂತ ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಹೆದರಿಕೆ ಹೋಗಿರಲಿಲ್ಲ. ಆದರೂ ಕೈ ಎತ್ತಿ ಬೆರಳಗಂಟಿನಿಂದ ಬೆಂಚಿಗೆ ಕುಟ್ಟಿದ. ಒಂದು.

ಅರ್ಧ ಎದ್ದವಳು ಹಾಗೇ ನಿಂತಳು. ಎರಡು ಕುಟ್ಟಿದ. ಆಮೇಲೆ ಮೂರು.

“ಎವರಯ್ಯಾ ಅದಿ? ಲೇಯ್, ಲೇಚಿ ನಿಲಬಡು!” ಯಾರೋ ಅದು, ಎದ್ದು ನಿಲ್ಲು ಅಂತ ಕಾವಲಿದ್ದ ಮೇಷ್ಟ್ರು ತೆಲುಗಿನಲ್ಲಿ ಕೂಗಿದರು. ಓಬುಳಪತಿ ಎದ್ದು ನಿಂತ. ಕೋಣೆಗೆ ಕೋಣೆಯೇ ತಿರುಗಿ ನೋಡಿತು. ಮಂಗಳಗೌರಿಯೂ ತಿರುಗಿದಳು, ಮುಖಕ್ಕೆ ಮುಖ ಕೊಟ್ಟು ನೋಡಿದಳು. “ನೇನೇ ಸಾರ್, ತಪ್ಪಯಿಂದಿ” ಅಂತ ತಪ್ಪು ಒಪ್ಪಿಕೊಂಡ ಇವನು. ಇನ್ನೊಂದು ಸಲ ಸದ್ದು ಬಂದರೆ ಆಚೆ ನೂಕುತ್ತೇನೆ ಅಂತ ಗದರಿಸಿ ಕೂರಿಸಿದರು.

ಆಗಬಾರದ್ದು ಆಗಿಹೋಗಿತ್ತು. ಮುಂದೆ ನೋಡಿದರೆ ಮಂಗಳಗೌರಿ ಕಾಲು ಒಳಗೆಳೆದುಕೊಂಡು ಬಗ್ಗಿ ಬರೆಯುತ್ತಿದ್ದಳು. ಮುಚ್ಚಿಡುವುದಕ್ಕೆ ಇನ್ನೇನು ಉಳಿದಿದೆ ಅಂತ ಇವನೂ ಪೆನ್ನಿನ ಮುಚ್ಚಳ ತೆಗೆದ. ಕೈ ನಡುಗುವುದು ನಿಂತಿತು ಅಂತ ನಾನ್ಯಾಕೆ ಸುಳ್ಳು ಹೇಳಲಿ? ನಡುಗುತ್ತಲೇ ಇತ್ತು, ಅಕ್ಷರ ಸೊಟ್ಟಸೊಟ್ಟಗೆ ಬಿದ್ದವು. ಆದರೂ ಕೊನೇ ಗಂಟೆಯ ತನಕ ಬರೆದ.

ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಅವಳು ಕಾದು ನಿಂತಿದ್ದಳು. ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ.

“ಎಷ್ಟನೇ ಸಲ ಮೇಷ್ಟ್ರೇ?”

ಬಾಯಿಗೆ ಬಂದ ಸುಳ್ಳನ್ನು ನುಂಗಿಕೊಂಡ. “ನಾಕನೇದು ಕಣಮ್ಮ.”

“ನಂದು ಎರಡ್ನೇದು. ನೀವು ಕುಟ್ಟದಿದ್ರೆ ಎದ್ದು ಹೋಗ್ಬುಡ್ತಿದ್ದೆ.”

“ಊರಾಗೆ ಯಾರಿಗಾದ್ರೂ ಹೇಳ್ತೀಯೇನಮ್ಮ?” ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದ.

“ಹೇಳ್ತೀನಿ” ಅಂದಳು.

ಓಬುಳಪತಿ ಗೇಟಿನ ಸರಳು ಹಿಡಿದುಕೊಂಡ. ಶೆಡ್ಡು, ಖಾಲಿ ಬೆಂಚುಗಳು, ನಿರ್ಮಲಮ್ಮನ ಮುಖ, ಎಲ್ಲ ಕಣ್ಣ ಮುಂದೆ ಬಂದವು.

“ನನ್ನ ಮಗಳು ಭ್ರಮರಿಗೆ ಹೇಳ್ತೀನಿ. ಪರೀಕ್ಷೆ ಅಂದ್ರೆ ಆ ಹುಡುಗಿಗೆ ಜ್ವರ ಬತ್ತದೆ ಮೇಷ್ಟ್ರೇ, ತಿಂದಿದ್ದೆಲ್ಲ ವಾಂತಿ ಮಾಡ್ಕಂತಾಳೆ. ಮೇಷ್ಟ್ರಿಗೆ ಭಯಾನೇ ಇಲ್ಲ, ನಾನೊಬ್ಳೇ ಹಿಂಗೆ, ನಾನು ಬರೆಯಾಕೆ ಹೋಗಲ್ಲ ಅಂತ ದಿನಾ ಅಳ್ತಾಳೆ. ಬರೋ ಸೋಮವಾರ ಅವಳ ಏಳನೇ ಕ್ಲಾಸಿನ ಪರೀಕ್ಷೆ.”

ಭ್ರಮರಿ ಕೊನೇ ಬೆಂಚಿನವಳು. ಎರಡೂ ಕೈ ಯಾವಾಗಲೂ ಪುಸ್ತಕದ ಚೀಲದ ಕೆಳಗೆ ಇಟ್ಟುಕೊಂಡೇ ಕೂರುತ್ತಿದ್ದಳು. “ಕೈ ಆಚೆ ತೆಗಿಯೇ, ಸೋಮಾರಿ” ಅಂತ ಇವನು ಎಷ್ಟು ಸಲ ಬೈದಿದ್ದನೋ ಲೆಕ್ಕವಿಲ್ಲ. ಅವಳು ಚೀಲದ ಕೆಳಗೆ ಮುಚ್ಚಿಟ್ಟುಕೊಂಡಿದ್ದು ನಡುಗುವ ಕೈಗಳನ್ನು ಅಂತ ಈಗ ತಿಳಿಯಿತು. ಇಷ್ಟು ವರ್ಷ ಮೇಷ್ಟ್ರಾಗಿದ್ದೂ ಗೊತ್ತಾಗಲಿಲ್ಲವಲ್ಲ ಅಂತ ತನ್ನನ್ನೇ ಬೈದುಕೊಂಡ.

“ನೀನು ಹೇಳ್ಬೇಡ ಕಣಮ್ಮ” ಅಂದ.

ಮಂಗಳಗೌರಿಯ ಮುಖ ಸಪ್ಪಗಾಯಿತು.

“ನಾನೇ ಹೇಳ್ತೀನಿ. ಕ್ಲಾಸಿನಾಗೆ, ಎಲ್ಲಾರ ಮುಂದೇನೇ.”

ಅಷ್ಟು ಹೇಳುವುದರಲ್ಲಿ ಅವನ ಕೈ ಮತ್ತೆ ನಡುಗತೊಡಗಿತು. ಟವೆಲ್ಲಿನೊಳಗೆ ಮುಚ್ಚಿಕೊಳ್ಳಲು ಹೋದ. ಆಮೇಲೆ ಬೇಡ ಅನ್ನಿಸಿ, ಅವಳ ಕಣ್ಣೆದುರಿಗೇ ನಡುಗಲಿ ಅಂತ ಬಿಟ್ಟ.