ಕಲಿಸಿಕೊಟ್ಟ ಕೆಲಸ

ಲತಾಳಿಗೆ ಏಳು ತಿಂಗಳು ತುಂಬುತ್ತಿದ್ದಾಗ ಮ್ಯಾನೇಜರ್ ಹರೀಶ್ ಒಬ್ಬ ಹುಡುಗಿಯನ್ನು ಡಯಾಲಿಸಿಸ್ ಕೋಣೆಗೆ ಕರೆತಂದು ನಿಲ್ಲಿಸಿದ.

"ಇವ್ಳು ಯಮುನಾ. ಹೊಸದುರ್ಗದ ಕಡೆ ಮತ್ತೋಡಿನೋಳು. ನರ್ಸಿಂಗ್ ಆಗೈತೆ, ಮಷಿನ್ ಗೊತ್ತಿಲ್ಲ. ನೀವು ಹೆರಿಗೆಗೆ ಹೋಗೋದ್ರೊಳಗೆ ತಯಾರು ಮಾಡ್ರಿ ಮೇಡಂ."

"ಇಷ್ಟರಲ್ಲಿ ಆಗೋ ಕೆಲ್ಸ ಅಲ್ಲ ಸರ್ ಇದು. ಎಲ್ಲಾದ್ರೂ ಟ್ರೈನಿಂಗಿಗೆ ಕಳಿಸ್ರಿ."

"ಕಳಿಸಿದ್ರೆ ಅದಕ್ಕೂ ದುಡ್ಡು, ಅಲ್ಲೀತನಕ ಇಲ್ಲಿ ಆಳಿಲ್ಲ. ಕಲಿತ ಮೇಲೆ ವಾಪಸ್ ಬರ್ತಾರೆ ಅಂತ ಏನು ಗ್ಯಾರಂಟಿ? ಮಾಡ್ತಾ ಮಾಡ್ತಾ ಕಲ್ತ್ಕಂತಾಳೆ ಬಿಡ್ರಿ."

ಹಿರಿಯೂರಿನ ಹೆದ್ದಾರಿ ಬದಿಯ ಆ ನರ್ಸಿಂಗ್ ಹೋಮಿನಲ್ಲಿ ಇದ್ದ ಎರಡು ಮಷಿನ್ ನಡೆಸಬಲ್ಲವಳು ಲತಾ ಒಬ್ಬಳೇ. ಅವಳ ಜೊತೆಗಿದ್ದ ಟೆಕ್ನಿಷಿಯನ್ ಹಿಂದಿನ ವರ್ಷ ಬೆಂಗಳೂರು ಸೇರಿದ ಮೇಲೆ ಹರೀಶನಿಗೆ 'ಟ್ರೈನಿಂಗ್' ಎಂಬ ಮಾತು ಕೇಳಿದರೇ ಮುಖ ಹುಳ್ಳಗಾಗುತ್ತಿತ್ತು. ಲತಾ ಸ್ವತಃ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಇಬ್ಬರು ಹಿರಿಯರ ಬೆನ್ನ ಹಿಂದೆ ನಿಂತು ನೋಡಿ, ಬೈಸಿಕೊಂಡು, ವರ್ಷವಿಡೀ ಕಲಿತವಳು. ಇಲ್ಲಿ ನೋಡುತ್ತ ನಿಲ್ಲುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ರೋಗಿಯ ರಕ್ತ ಮಷಿನ್ನಿನೊಳಗೆ ಹರಿಯುತ್ತಿರುವಾಗಲೇ ಪಾಠ ನಡೆಯಬೇಕು.

ಯಮುನಾ ಚುರುಕು. ಹೇಳಿದ್ದನ್ನು ಎರಡನೇ ಸಲ ಕೇಳುತ್ತಿರಲಿಲ್ಲ. ಆದರೆ ಸೂಜಿ ಹಿಡಿದಾಗ ಅವಳ ತುಟಿ ಒಣಗುತ್ತಿತ್ತು. ಮೊದಲು ಅವಳ ಕೈಗೆ ಸಿಕ್ಕವಳು ಯಲ್ಲದಕೆರೆಯ ಪಾಲಮ್ಮ. ಕುರಿ ಕಾಯುವ ಮನೆತನದ ಹೆಂಗಸು. ಗಂಡ ಕಾಟಯ್ಯ ವಾರಕ್ಕೆರಡು ಸಲ ಅವಳನ್ನು ಬಸ್ಸಿನಲ್ಲಿ ಕರೆತಂದು, ಮುಗಿಯುವ ತನಕ ಬಾಗಿಲ ಬಳಿ ಕೂತಿರುತ್ತಿದ್ದ. ಯಮುನಾ ಚುಚ್ಚಿದ ಸೂಜಿ ನರದಿಂದಾಚೆ ಹೋಗಿ ಪಾಲಮ್ಮನ ತೋಳು ನೋಡುನೋಡುತ್ತಲೇ ಊದಿಕೊಂಡಿತು.

ಲತಾ ಸೂಜಿ ತೆಗೆದು ಒತ್ತಿ ಹಿಡಿದಳು. ಕಾಟಯ್ಯ ಎದ್ದು ಬಂದ.

"ಕಲಿಯಾಕೆ ನಮ್ಮೋಳ ಕೈಯೇ ಬೇಕಾಗಿತ್ತೇನವ್ವ?"

"ನೀ ಸುಮ್ಕಿರು," ಎಂದಳು ಪಾಲಮ್ಮ, ನೋವಿಗೆ ಕಣ್ಣು ಮುಚ್ಚಿಕೊಂಡೇ. "ಯಾರ್ದಾರ ಕೈ ಮ್ಯಾಲೆ ಕಲೀಲೇಬೇಕಲ್ಲ. ಲತವ್ವ ಹೋದ್ಮ್ಯಾಲೆ ನಂಗೆ ಯಾರು ಗತಿ?"

ಅವತ್ತು ಯಮುನಾ ಊಟ ಮಾಡಲಿಲ್ಲ. ಲತಾಳೂ ಸರಿಯಾಗಿ ಮಾಡಲಿಲ್ಲ. ತಾನು ಹೋದ ಮೇಲೆ ಇಂಥದ್ದೇ ಆಗಿ, ನೋಡುವವರಿಲ್ಲದೆ ಯಾರಾದರೂ ಸತ್ತರೆ ಎಂಬ ಯೋಚನೆ ಅನ್ನದ ತಟ್ಟೆಯ ಮುಂದೆಯೂ ಅವಳನ್ನು ಬಿಡಲಿಲ್ಲ.

ದಿನ ಕಳೆದಂತೆ ಯಮುನಾಳ ಕೈ ಕುದುರಿತು. ಮಷಿನ್ ಜೋಡಿಸುವುದು, ತೊಳೆಯುವುದು, ರೋಗಿಯ ತೂಕ ನೋಡಿ ಮೈಯಿಂದ ಎಷ್ಟು ನೀರು ತೆಗೆಯಬೇಕೆಂದು ಲೆಕ್ಕ ಹಾಕುವುದು ಎಲ್ಲ ಬಂತು. ಹರೀಶ್ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ನೋಡಿದ.

"ಪರವಾಗಿಲ್ಲ, ಹುಡುಗಿ ಬಲು ಜಲ್ದಿ ಕಲಿತ್ಲು. ನೀವು ಆರಾಮಾಗಿ ಬರ್ರಿ ಮೇಡಂ, ಅವಸರ ಏನಿಲ್ಲ."

ಒಳ್ಳೆಯ ಮಾತೇ. ಆದರೆ 'ಅವಸರ ಏನಿಲ್ಲ' ಎಂಬುದು ಲತಾಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಯಮುನಾಳ ಸಂಬಳ ತನ್ನದರ ಅರ್ಧ. ಇಬ್ಬರನ್ನು ಇಟ್ಟುಕೊಳ್ಳುವ ಆಸ್ಪತ್ರೆ ಇದಲ್ಲ. ಹಾಗಾದರೆ ಇಷ್ಟು ದಿನ ತಾನು ತಯಾರು ಮಾಡುತ್ತಿದ್ದುದು ಯಾರನ್ನು?

ಮರುದಿನ ಯಮುನಾ ಕೇಳಿದಳು, "ಅಕ್ಕಾ, ಮಷಿನ್ ಮ್ಯಾಲೆ ಇದ್ದಾಗ್ಲೇ ಬಿ.ಪಿ. ಪೂರ್ತಿ ಬಿದ್ದೋದ್ರೆ ಏನ್ ಮಾಡ್ಬೇಕು?"

"ಅದು ಆಮೇಲೆ. ನಾನಿದೀನಲ್ಲ."

ಹುಡುಗಿ ಇನ್ನೂ ಪಳಗಿಲ್ಲ, ಒಮ್ಮೆಲೇ ಎಲ್ಲ ತಲೆಗೆ ತುಂಬಬಾರದು ಎಂದು ಲತಾ ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜವಾಗಿತ್ತು. ಮತ್ತೆ ಕೇಳಿದಾಗಲೂ ಇದೇ ಉತ್ತರ ಕೊಟ್ಟಳು. ಮೂರನೇ ಸಲ ಯಮುನಾ ಕೇಳಲಿಲ್ಲ.

ಗುರುವಾರ ಲತಾಳಿಗೆ ಮೇಲಿನ ಮಹಡಿಯಲ್ಲೇ ಸ್ಕ್ಯಾನಿಂಗ್ ಇತ್ತು. ಪಾಲಮ್ಮ ಮಷಿನ್ನಿನ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. "ಇಲ್ಲೇ ಮೇಲಿರ್ತೀನಿ, ಏನಾದ್ರೂ ಆದ್ರೆ ಫೋನ್ ಮಾಡು," ಎಂದು ಯಮುನಾಳಿಗೆ ಹೇಳಿ ಲತಾ ಮೆಟ್ಟಿಲು ಹತ್ತಿದಳು.

ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಮಲಗಿದ್ದಾಗ ಮೂಲೆಯ ಕುರ್ಚಿಯ ಮೇಲಿದ್ದ ಬ್ಯಾಗಿನಲ್ಲಿ ಫೋನು ಗುಂಯ್‌ಗುಟ್ಟಿತು. ನಿಂತಿತು. ಮತ್ತೆ ಗುಂಯ್‌ಗುಟ್ಟಿತು. ಅವಳು ಏಳುವಷ್ಟರಲ್ಲಿ ಕೆಳಗಿನಿಂದ ಕಾಟಯ್ಯನ ಕೂಗು ಕೇಳಿತು.

"ಲತವ್ವಾ! ಬಾರವ್ವಾ!"

ಸೆರಗಿನಿಂದ ಹೊಟ್ಟೆ ಒರೆಸಿಕೊಳ್ಳುತ್ತಲೇ ಮೆಟ್ಟಿಲ ಕಂಬಿ ಹಿಡಿದು ಇಳಿದಳು. ಓಡುವಂತಿಲ್ಲ, ನಿಲ್ಲುವಂತಿಲ್ಲ. ಕೋಣೆಯಲ್ಲಿ ಮಷಿನ್ ಒಂದೇ ಸಮನೆ ಕಿರುಚುತ್ತಿತ್ತು. ಪಾಲಮ್ಮನ ಮುಖ ಬೂದಿ ಬಣ್ಣಕ್ಕೆ ತಿರುಗಿ, ಹಣೆ ಬೆವರಿ, ಕಣ್ಣುಗುಡ್ಡೆ ಮೇಲಾಗಿತ್ತು. ಯಮುನಾ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪಾಲಮ್ಮನ ಅಂಗೈ ಹಿಡಿದು ಕಲ್ಲಿನಂತೆ ನಿಂತಿದ್ದಳು.

ಲತಾ ಮಂಚದ ತಲೆಯ ಬಳಿಗೆ ಹೋದಳು. ಮಷಿನ್ ಇದ್ದದ್ದು ಆಚೆ ಬದಿಗೆ, ಗೋಡೆಗೂ ಮಂಚಕ್ಕೂ ನಡುವೆ. ಆ ಸಂದಿಯಲ್ಲಿ ಅವಳ ಹೊಟ್ಟೆ ಹಿಡಿಯುತ್ತಿರಲಿಲ್ಲ.

"ಯಮುನಾ, ಫೋನ್ ಬಿಸಾಕು. ಇಲ್ಲಿ ನೋಡು, ಬಿ.ಪಿ. ಬಿದ್ದೈತೆ. ನೀರು ತೆಗೆಯೋದನ್ನ ನಿಲ್ಸು ಮೊದ್ಲು. ಆ ಬಟನ್."

ಯಮುನಾ ಒತ್ತಿದಳು.

"ಕಾಟಯ್ಯಾ, ಕಾಲು ಎರಡೂ ಮೇಲೆತ್ತಿ ಹಿಡ್ಕಳ್ರಿ. ಹಂಗೇ." ಲತಾ ತಲೆದಿಂಬು ಎಳೆದು ಹಾಕಿದಳು. "ಈಗ ಸಲೈನ್. ಕ್ಲಿಪ್ ಬಿಚ್ಚು. ಅದಲ್ಲ! ಅದನ್ನ ಮುಟ್ಬ್ಯಾಡ. ಅದ್ರ ಮೇಲಿಂದು. ಹ್ಞಾಂ, ಬಿಚ್ಚು."

ಕೊಳವೆಯಲ್ಲಿ ಸಲೈನ್ ಇಳಿಯತೊಡಗಿತು. ಯಮುನಾಳ ಕೈ ಹೇಳಿದ ಜಾಗವನ್ನು ಬಿಟ್ಟು ಕದಲಲಿಲ್ಲ. ಕಾಟಯ್ಯ ಹೆಂಡತಿಯ ಪಾದಗಳನ್ನು ಎದೆಗೆ ಒತ್ತಿಕೊಂಡು ಏನೋ ಗೊಣಗುತ್ತಿದ್ದ, ದೇವರ ಹೆಸರಿರಬೇಕು. ಕೂಗು ಕೇಳಿ ಡ್ಯೂಟಿ ಡಾಕ್ಟರು ಬಂದಾಗ ಪಾಲಮ್ಮ ಕಣ್ಣು ಬಿಟ್ಟಿದ್ದಳು.

"ಬಾಯಿ ಒಣಗೈತೆ," ಎಂದಳು.

ಲತಾ ಗೋಡೆ ಹಿಡಿದು ಸ್ಟೂಲಿನ ಮೇಲೆ ಕುಸಿದು ಕೂತಳು. ಆಗ ಅವಳಿಗೆ ತನ್ನ ಹೊಟ್ಟೆಯ ನೆನಪಾಯಿತು. ಮತ್ತೆ ಮೇಲೆ ಹೋಗಿ, ಡಾಕ್ಟರು "ಎಲ್ಲ ಸರಿಯಾಗೈತಮ್ಮ" ಎಂದು ಎರಡು ಸಲ ಹೇಳಿದ ಮೇಲೆಯೇ ಉಸಿರು ಬಿಟ್ಟಳು.

ಕೆಳಗೆ ಯಮುನಾ ಕೈ ತೊಳೆಯುವ ನಲ್ಲಿಯ ಮುಂದೆ ಅಳುತ್ತಿದ್ದಳು. "ನಂಗೆ ಗೊತ್ತಿರ್ಲಿಲ್ಲ ಅಕ್ಕ."

"ಹೆಂಗೆ ಗೊತ್ತಿರ್ತೈತೆ? ನಾನು ಹೇಳಿರ್ಲಿಲ್ಲ," ಎಂದಳು ಲತಾ. ಯಾಕೆ ಹೇಳಲಿಲ್ಲ ಎಂದು ಯಮುನಾ ಕೇಳಲಿಲ್ಲ.

ಅವತ್ತಿನಿಂದ ರೋಗಿಗಳೆಲ್ಲ ಹೋದ ಮೇಲೆ ಖಾಲಿ ಮಷಿನ್ ಚಾಲೂ ಮಾಡಿ, ಮಂಚದ ಮೇಲೆ ದಿಂಬು ಮಲಗಿಸಿ ಲತಾ ಪಾಠ ಹೇಳಿದಳು. ಬಿ.ಪಿ. ಬಿತ್ತು, ಏನು ಮಾಡ್ತೀಯ? ಪೈಪಿಗೆ ಗಾಳಿ ಸೇರಿತು? ಕರೆಂಟು ಹೋಯ್ತು? ಸೂಜಿ ಕಿತ್ತುಬಂತು? ಯಮುನಾ ನಿದ್ದೆಗಣ್ಣಲ್ಲೂ ಹೇಳುವಂತಾದಳು. ಕಲಿಯುವ ಹುಡುಗಿಗೆ ಒಂದು ಹೊತ್ತಿಗೆ ಒಬ್ಬರೇ ರೋಗಿ ಎಂದು ಲತಾ ಹಟ ಹಿಡಿದಾಗ, ದಿನದ ಆದಾಯ ಇಳಿಯುತ್ತದೆಂದು ಹರೀಶ್ ಕೂಗಾಡಿದ. ಗುರುವಾರದ ಸಂಗತಿಯನ್ನು ಕಾಟಯ್ಯನ ಬಾಯಿಂದಲೇ ಕೇಳಿದ ಮೇಲೆ ಒಪ್ಪಿಕೊಂಡ.

ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯವನ್ನು ಹೊತ್ತುಕೊಂಡೇ ಲತಾ ಹೊಳಲ್ಕೆರೆಯ ತವರಿಗೆ ಹೋದಳು. ಹೆಣ್ಣು ಮಗು ಹುಟ್ಟಿತು. ಬಾಣಂತನದಲ್ಲಿ ಫೋನು ಬಂದಾಗಲೆಲ್ಲ ಯಾರಿಗೆ ಏನಾಯಿತೋ ಎಂದು ಬೆಚ್ಚುತ್ತಿದ್ದಳು. ಏನೂ ಆಗಲಿಲ್ಲ. ಮಗುವಿಗೆ ಎರಡು ತಿಂಗಳು ದಾಟಿದ ಮೇಲೆ ಯಮುನಾ ಫೋನ್ ಮಾಡಿದಳು.

"ಅಕ್ಕಾ, ದಾವಣಗೆರೆಯ ದೊಡ್ಡ ಆಸ್ಪತ್ರೇಲಿ ಕೆಲಸ ಸಿಕ್ಕೈತೆ. ಸಂಬಳ ಜಾಸ್ತಿ. ಈ ತಿಂಗ್ಳು ಮುಗಿಸ್ಕಂಡು ಹೋಗ್ತೀನಿ. ಸಿಟ್ಟು ಬಂತಾ?"

ಲತಾಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಿರಾಳ. ತನ್ನ ಕೆಲಸ ಉಳಿಯಿತು. ಅದರ ಬೆನ್ನಿಗೇ ನಾಚಿಕೆಯಾಯಿತು. ಆಮೇಲೆ, ಪಾಲಮ್ಮನನ್ನು ಇನ್ನು ನೋಡುವವರು ಯಾರು ಎಂಬ ಹಳೆಯ ಆತಂಕ.

"ಇಲ್ಲ ಕಣೇ. ಅಲ್ಲಿ ಹೊಸ ಮಷಿನ್ ಇರ್ತಾವೆ. ಗೊತ್ತಿಲ್ದಿದ್ದನ್ನ ಕೇಳಿ ತಿಳ್ಕ. ಹೇಳದಿದ್ರೆ ಬಿಡ್ಬ್ಯಾಡ, ಮತ್ತೆ ಕೇಳು."

ಸಂಜೆಯೇ ಹರೀಶ್ ಕರೆ ಮಾಡಿದ. "ನೋಡಿದ್ರಾ ಮೇಡಂ, ನಾನು ಹೇಳಿರ್ಲಿಲ್ವಾ? ಕಲಿಸಿದ್ರೆ ಹಾರಿಹೋಗ್ತಾರೆ ಅಂತ. ನೀವು ಬೇಗ ಬಂದ್ಬಿಡ್ರಿ. ಒಬ್ಳು ಹೋದ್ರೂ ಇನ್ನೊಬ್ಳು ಇರ್ಲಿ ಅಂತ ಈ ಸಲ ಇಬ್ರು ಹೊಸೋರ್ನ ತಗಂಡಿದೀನಿ."

"ಬರ್ತೀನಿ ಸರ್. ಆದ್ರೆ ಮೊದಲ ತಿಂಗ್ಳು ಅವ್ರು ಬರೀ ನೋಡ್ಬೇಕು, ಯಾರನ್ನೂ ಮುಟ್ಟಂಗಿಲ್ಲ. ಒಬ್ಬಳನ್ನಾದ್ರೂ ಚಿತ್ರದುರ್ಗಕ್ಕೆ ಟ್ರೈನಿಂಗಿಗೆ ಕಳಿಸ್ರಿ."

"ಮತ್ತೆ ಓಡೋಗ್ಲಿ ಅಂತಾನಾ?"

"ಯಮುನಾ ಹೋಗ್ತಾಳೆ, ನಿಜ. ಆದ್ರೆ ನಾನಿಲ್ದಾಗ ಅಷ್ಟು ಜನರ ಜೀವ ಕಾಯ್ದಳಲ್ಲ ಸರ್. ಅದನ್ನ ಯಾವ ಲೆಕ್ಕಕ್ಕೆ ಹಿಡೀತೀರಿ?"

ಹರೀಶ್ ಚೌಕಾಸಿ ಮಾಡಿ, ಬರೀ ನೋಡುವ ತಿಂಗಳನ್ನು ಹದಿನೈದು ದಿನಕ್ಕೆ ಇಳಿಸಿ, ಅದು ಮುಗಿದ ಮೇಲೆ ಒಬ್ಬಳನ್ನು ಚಿತ್ರದುರ್ಗಕ್ಕೆ ಕಳಿಸಲು ಒಪ್ಪಿದ.

ತಿಂಗಳು ಮುಗಿದು ಯಮುನಾ ಹೊರಟ ಬೆನ್ನಿಗೇ, ಮಗುವನ್ನೂ ತನ್ನ ತಾಯಿಯನ್ನೂ ಕರೆದುಕೊಂಡು ಲತಾ ಹಿರಿಯೂರಿಗೆ ಮರಳಿದಳು. ಕೋಣೆಯಲ್ಲಿ ಪಾಲಮ್ಮ ತೋಳು ಚಾಚಿಕೊಂಡು ಕಾದಿದ್ದಳು. ಹೊಸ ಹುಡುಗಿಯರಿಬ್ಬರೂ ಗೋಡೆಗೆ ಒರಗಿ ನಿಂತಿದ್ದರು.

"ಆ ಯಮುನಾ ಹುಡುಗಿ ಚೆನ್ನಾಗೈತಾ ಲತವ್ವ, ಅಲ್ಲಿ?"

"ಚೆನ್ನಾಗೈತಂತೆ."

"ಎಲ್ಲಾರ ಇರ್ಲಿ, ಚೆನ್ನಾಗಿರ್ಲಿ ಬಿಡು," ಎಂದಳು ಪಾಲಮ್ಮ.

ಲತಾ ಗೋಡೆಯ ಬಳಿ ನಿಂತವರನ್ನು ಹತ್ತಿರ ಕರೆದಳು. ಇಷ್ಟು ದಿನದ ಮೇಲೆ ಸೂಜಿ ಹಿಡಿದ ಅವಳ ಕೈಯೂ ಸ್ವಲ್ಪ ಅಳುಕುತ್ತಿತ್ತು. ಅದನ್ನು ಮುಚ್ಚಿಡದೆ, ಒಂದು ಕ್ಷಣ ನಿಂತು, ನರ ಸವರಿ ನೋಡಿ, ಮೆಲ್ಲನೆ ಚುಚ್ಚಿದಳು.