ಫೈಲಿಗೆ ಸೇರಿದ ಕವಿತೆ

ನನಗೆ ಕವಿತೆ ಅಂದರೆ ಆಗುತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಮನೋವೈದ್ಯೆಯಾಗಿ ದುಡಿದವಳು ನಾನು. ದಿನಬೆಳಗಾದರೆ ಜನರ ಕಣ್ಣೀರು ನೋಡುವವಳ ಮುಂದೆ ಯಾರಾದರೂ ಚಂದಿರ, ಹೂವು ಅಂತ ಶುರುಮಾಡಿದರೆ ಮೈಯೆಲ್ಲ ಉರಿಯುತ್ತಿತ್ತು. ಆಸ್ಪತ್ರೆಯ ನರ್ಸುಗಳು ಬೆನ್ನ ಹಿಂದೆ ನನ್ನನ್ನು ಸಿಡುಕಮ್ಮ ಎನ್ನುತ್ತಾರೆ. ಗೊತ್ತು. ಅನ್ನಲಿ, ನನಗೇನು!

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುತ್ತೇವೆ. ಅವರದೊಂದು ಪದ್ಧತಿ. ಪ್ರತಿ ಬುಧವಾರ ಮಧ್ಯಾಹ್ನ, ಹೊರರೋಗಿಗಳು ಹೋದ ಮೇಲೆ, ಡಾಕ್ಟರುಗಳೆಲ್ಲ ಉದ್ದ ಮೇಜಿನ ಸುತ್ತ ಕೂತು ಕಾಲು ಗಂಟೆ ಬರೆಯಬೇಕು. ಯಾವುದಾದರೂ ರೋಗಿಯ ಬಗ್ಗೆ, ಇಲ್ಲವೇ ತಮ್ಮ ಬಗ್ಗೆಯೇ. ಆಮೇಲೆ ಓದಬೇಕು. ಕೇಳಿದವರು ಚೆನ್ನಾಗಿದೆ ಅನ್ನಬಾರದು, ಚೆನ್ನಾಗಿಲ್ಲ ಅನ್ನಬಾರದು, ಕಾರಣ ಕೆದಕಬಾರದು. ಓದಿದವರ ಮುಂದೆ ಒಂದು ಲೋಟ ಟೀ ಸರಿಸಿ, ಅವರು ಕುಡಿದು ಮುಗಿಸುವವರೆಗೆ ಸುಮ್ಮನಿರಬೇಕು. ನಾನು ಪ್ರತಿ ವಾರ ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ.

ಆಮೇಲೆ ಕಂಡಕ್ಟರು ತೀರಿಕೊಂಡರು.

ಬಸ್ ಕಂಡಕ್ಟರು, ಮೂರು ವರ್ಷದಿಂದ ನನ್ನ ರೋಗಿ. ಖಿನ್ನತೆ. ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತಿದ್ದೆ: ಸಾಯಬೇಕು ಅನ್ನಿಸುತ್ತಾ? ನಮ್ಮ ಕೆಲಸದಲ್ಲಿ ಅದನ್ನು ಸುತ್ತಿಬಳಸದೆ ಕೇಳಲೇಬೇಕು. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಗೆ ಬರಲು ದಾರಿಯಾಗುತ್ತದೆ, ಅಷ್ಟೆ. ಕೊನೆಯ ಸಲ ಬಂದ ದಿನ ಅವರು, "ಡಾಕ್ಟ್ರೇ, ನಿಮ್ಮ ಮುಖ ನೋಡಿದ್ರೆ ಈ ಮಾತ್ರೆ ನೀವೇ ನುಂಗೋದು ವಾಸಿ" ಅಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊರಗೆ ಜನ ಕಾಯುತ್ತಿದ್ದರು. ಇಷ್ಟು ನಗಿಸುವವರನ್ನು ಇನ್ನೇನು ಕೇಳುವುದು ಅಂತ ಚೀಟಿ ಬರೆದು ಕಳಿಸಿಬಿಟ್ಟೆ. ಐದನೆಯ ದಿನ ಅವರು ತಮ್ಮ ಜೀವ ತೆಗೆದುಕೊಂಡರು.

ಅವತ್ತಿನಿಂದ ಆ ಪ್ರಶ್ನೆ ನನ್ನ ಬಾಯಿಂದ ಹೊರಡಲಿಲ್ಲ. ರೋಗಿ ಎದುರಿಗೇ ಕೂತಿರುತ್ತಿದ್ದರು, ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಪಕ್ಕದ ಕೋಣೆಯ ಕಿರಿಯ ಡಾಕ್ಟರನ್ನು ಕರೆದು, "ನೀನೇ ಕೇಳಮ್ಮ" ಅನ್ನುತ್ತಿದ್ದೆ. ಹೀಗೆ ಎಷ್ಟು ದಿನ? ಅದನ್ನು ಕೇಳಲಾರದವಳು ಆ ಕುರ್ಚಿಯಲ್ಲಿ ಕೂರಬಾರದು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ದೊಡ್ಡ ಡಾಕ್ಟರಿಗೆ ಹೇಳಿದೆ.

"ಬಿಡುವಿಯಂತೆ," ಅಂದರು ಅವರು. "ಹೋಗೋಕೆ ಮುಂಚೆ ಬುಧವಾರ ಒಂದ್ಸಲ ಬಂದು ಕೂತ್ಕೋ."

"ನನ್ನ ಹತ್ರ ಕವಿತೆ ಗಿವಿತೆ ಏನೂ ಇಲ್ಲ ಸರ್."

"ಏನಿದ್ಯೋ ಅದನ್ನೇ ಬರಿಯಮ್ಮ."

ಬುಧವಾರ ಹೋಗಿ ಕೂತೆ. ನನ್ನ ಹತ್ತಿರ ಇದ್ದದ್ದು ಕೇಸ್ ಶೀಟು. ಮೇಲೆ ಫೈಲ್ ನಂಬರು, ದಿನಾಂಕ ಹಾಕದೆ ನನ್ನ ಪೆನ್ನು ಓಡುವುದೇ ಇಲ್ಲ. ಹಾಕಿದೆ. ಕೈಗೆ ಬಂದದ್ದು ಕಂಡಕ್ಟರ ನಂಬರು. ಕೆಳಗೆ ನನ್ನದೇ ತಪಾಸಣೆ ಬರೆದೆ.

ವಯಸ್ಸು: ಐವತ್ತೊಂದು.
ನಿದ್ದೆ: ಬಾಗಿಲವರೆಗೆ ಬಂದು ವಾಪಸ್ಸು ಹೋಗುತ್ತದೆ.
ಹಸಿವು: ಇದೆ. ಅದಕ್ಕೇ ನಾಚಿಕೆ.
ಅವರು ನಗಿಸಿದರು, ನಾನು ನಕ್ಕೆ.
ಕೇಳಬೇಕಾದ್ದನ್ನು ಅವತ್ತು ಕೇಳಲಿಲ್ಲ.
ಈಗ ಯಾರನ್ನೂ ಕೇಳಲಾರೆ.

ಓದಿ ಮುಗಿಸಿದೆ. ಯಾರೋ ಟೀ ಲೋಟ ಸರಿಸಿದರು. ಹತ್ತು ಜನ ಮನೋವೈದ್ಯರು ಒಂದೇ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಯಾರೂ ಸಮಾಧಾನ ಹೇಳಲಿಲ್ಲ, ನಿನ್ನ ತಪ್ಪಲ್ಲ ಅನ್ನಲಿಲ್ಲ. ಅತ್ತುಬಿಟ್ಟೆ. ಇಷ್ಟು ದಿನ ಬಾರದ ಅಳು ಎಲ್ಲಿತ್ತೋ! ಆರು ಸಾಲು ಬರೆದದ್ದಕ್ಕೆ ಇಷ್ಟೊಂದು ಆಗುತ್ತದೆಯೇ ಎಂದು ಲೋಟ ಹಿಡಿದುಕೊಂಡೇ ಬೆರಗಾದೆ.

ಆದರೆ ಆ ಹಾಳು ಅಭ್ಯಾಸ ನೋಡಿ. ಕೆಳಗೆ ಸಹಿ ಹಾಕಿ, ಹಾಳೆಯನ್ನು ಫೈಲಿಗೆ ಹೋಗುವ ಕಾಗದಗಳ ಟ್ರೇಯಲ್ಲಿಟ್ಟು ಎದ್ದುಬಂದಿದ್ದೆ. ದಾಖಲೆ ಕೋಣೆಯವರು ನಂಬರು ನೋಡಿದರು, ಕಂಡಕ್ಟರ ಫೈಲಿಗೆ ಸೇರಿಸಿದರು.

ಮುಂದಿನ ವಾರ ಕಂಡಕ್ಟರ ಹೆಂಡತಿ ಬಂದರು. ಬಟ್ಟೆ ಹೊಲಿಯುವವರು, ಪುಟ್ಟ ಮಗಳನ್ನು ಕರೆದುಕೊಂಡು ಗಂಡನ ಜೊತೆ ಎರಡು ಮೂರು ಸಲ ಬಂದಿದ್ದರು. ಗಂಡನ ಫೈಲಿನ ಪ್ರತಿ ಕೇಳಿ ತೆಗೆದುಕೊಂಡಿದ್ದರಂತೆ. ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ನನ್ನ ಆರು ಸಾಲು!

"ಇದು ನೀವು ಬರೆದಿದ್ದಾ ಮೇಡಂ?"

"ಹೌದು. ಅದು ಫೈಲಿಗೆ ಹೋಗ್ಬಾರ್ದಿತ್ತು. ಆದ್ರೆ ಬರೆದಿರೋದು ನಿಜ. ನಾನು ಕೇಳ್ಲಿಲ್ಲ."

"ಮೂರು ವರ್ಷದ ಕಾಗದದಲ್ಲಿ ನನಗೆ ಅರ್ಥ ಆಗಿದ್ದು ಇದೊಂದೇ," ಅಂದರು. "ಬೈದು ಹೋಗೋಣ ಅಂತಾನೇ ಹೊರಟೆ. ದಾರೀಲಿ ಇನ್ನೊಂದ್ಸಲ ಓದಿದೆ. ಕೊನೇ ದಿನ ಬೆಳಿಗ್ಗೆ ನನ್ನನ್ನೂ ನಗಿಸಿದ್ರು. ನಾನೂ ಏನೂ ಕೇಳ್ಲಿಲ್ಲ. ನಾನೊಬ್ಬಳೇ ಅಂದ್ಕೊಂಡಿದ್ದೆ."

ಅಬ್ಬಾ! ಬೈಯಲು ಹೊರಟವರನ್ನು ನನ್ನ ಎದುರಿಗೆ ಹೀಗೆ ತಂದು ಕೂರಿಸಿದ್ದು ಆ ಆರು ಸಾಲು. ನಾನು ಇಪ್ಪತ್ತನಾಲ್ಕು ವರ್ಷ ಬರೆದ ಸಾವಿರಾರು ಹಾಳೆಗಳಲ್ಲಿ ಒಂದೂ ಇಂಥ ಕೆಲಸ ಮಾಡಿರಲಿಲ್ಲ.

"ಮಗಳು ಹೇಗಿದ್ದಾಳಮ್ಮ?" ಎಂದೆ.

"ಅಕ್ಕನ ಮನೇಲಿ ಬಿಟ್ಟಿದೀನಿ, ಅಲ್ಲೇ ಚೆನ್ನಾಗಿರ್ತಾಳೆ. ಹೊಲಿಯೋಕೆ ಬಂದಿದ್ದ ಬಟ್ಟೆನೂ ಅವರವರಿಗೆ ವಾಪಸ್ ಕೊಟ್ಟೆ. ಇದೊಂದು ಬಾಕಿ ಇತ್ತು, ಇದೂ ಆಯ್ತು." ಆಕೆ ನಕ್ಕರು. ತುಂಬ ಹಗುರಾದ ನಗು. "ಬರ್ತೀನಿ ಮೇಡಂ."

ಎದ್ದು ಬಾಗಿಲಿಗೆ ಕೈ ಹಾಕಿದರು. ಕಿರಿಯ ಡಾಕ್ಟರನ್ನು ಕರೆಯಲು ಗಂಟೆಯ ಕಡೆ ಚಾಚಿದ ಕೈಯನ್ನು ಹಿಂದೆಗೆದುಕೊಂಡೆ.

"ಸ್ವಲ್ಪ ನಿಲ್ಲಿ," ಎಂದೆ. "ನಿಮಗೆ ಸಾಯಬೇಕು ಅನ್ನಿಸ್ತಿದ್ಯಾ?"

ಆಕೆ ತಿರುಗಿ ನನ್ನ ಮುಖವನ್ನೇ ನೋಡಿದರು. ನಗು ಮೆಲ್ಲಗೆ ಇಳಿಯಿತು.

"ಹೌದು."

ನಾನು ಎದ್ದು ಹೋಗಿ ಅವರ ಕೈ ಹಿಡಿದು ಕೂರಿಸಿದೆ. ನನ್ನ ಕುರ್ಚಿಯನ್ನೂ ಅವರ ಪಕ್ಕಕ್ಕೆ ಎಳೆದುಕೊಂಡೆ.

"ಹೇಳಮ್ಮ," ಎಂದೆ. "ಮೊದಲಿಂದ ಹೇಳು."