ಮೊಂಜಿಯವರ ಮನೆಗೆ ಬಿದ್ದ ಸಿಡಿಲು

ತಪ್ಪು ನನ್ನದೇ. ಮ್ಲೂಖಿಯಾ ಸಾರು ಬೇಯಲು ಆರು ಗಂಟೆ ಬೇಕು ಎನ್ನುವುದು ನೆಪವಾಗಲಾರದು. ನಮ್ಮ ಬಿಜೆರ್ತ್ ಊರಿನ ಹೆಂಗಸರೆಲ್ಲ ಅದನ್ನು ಬೇಯಿಸುತ್ತಾರೆ, ಹಾಗಂತ ಯಾರೂ ಕೆಳಗಿನ ಮನೆಯವರನ್ನು ಸುಡುವುದಿಲ್ಲ.

ಮಗಳು ಓಲ್ಫಾ ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟಿದ್ದಳು. ಪುಟ್ಟ ಊರು, ಪುಟ್ಟ ಜನ, ನಾನು ಅವರ ದೇವರು. ಜನರಿಗೆ ಹೆಸರಿಡಬೇಕಲ್ಲ, ನಮ್ಮ ಕಟ್ಟಡದವರ ಹೆಸರುಗಳನ್ನೇ ಇಟ್ಟೆ. ಕೆಳಗಿನ ಮಹಡಿಯ ಮೊಂಜಿಯವರು ರೈಲ್ವೆಯಿಂದ ನಿವೃತ್ತರಾದ ಒಂಟಿ ಜೀವ. ಆಟದಲ್ಲಿ ಅವರಿಗೆ ಮನೆ ಕೊಟ್ಟೆ, ಅಂಜೂರದ ಗಿಡ ಕೊಟ್ಟೆ, ತೀರಿಹೋದ ಹೆಂಡತಿ ದೂಜಾಳನ್ನೂ ಕೊಟ್ಟೆ. ಎಂಥ ಒಳ್ಳೆಯ ದೇವರು ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಾರು ಒಲೆಗಿಟ್ಟ ಐದನೇ ಗಂಟೆಗೆ ಬೇಜಾರಾಯಿತು. ಎಲ್ಲರೂ ಸುಖವಾಗಿರುವ ಊರನ್ನು ಎಷ್ಟು ಹೊತ್ತು ನೋಡುತ್ತ ಕೂರುವುದು? ಸಿಡಿಲಿನ ಗುಂಡಿ ಒತ್ತಿದೆ. ಮನೆ ಸುಟ್ಟಿತು, ದೂಜಾ ಸುಟ್ಟುಹೋದಳು, ಪುಟ್ಟ ಮೊಂಜಿ ಎರಡೂ ಕೈ ಮೇಲೆತ್ತಿ ಅತ್ತಿಂದಿತ್ತ ಓಡಾಡಿದ. ಮುಚ್ಚಿಡುವುದೇಕೆ, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅದೇ ಸಂಜೆ ನಿಜವಾದ ಮೊಂಜಿಯವರು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು.

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವಳು ನಾನು. ದೇವರು ಒಳ್ಳೆಯವನಾದರೆ ಲೋಕದಲ್ಲಿ ಕೇಡೇಕೆ ಎಂಬ ಪ್ರಶ್ನೆಗೆ ಮಕ್ಕಳಿಂದ ನಾಲ್ಕು ನಾಲ್ಕು ಪುಟ ಬರೆಸಿದ್ದೇನೆ. ಆಟಕ್ಕೂ ಮೆಟ್ಟಿಲಿಗೂ ಸಂಬಂಧವಿಲ್ಲವೆಂದು ಚೆನ್ನಾಗಿ ಗೊತ್ತು. ಆದರೂ ಮರುದಿನ ಒಂದು ಬಟ್ಟಲು ಸಾರು, ರೊಟ್ಟಿ ಹಿಡಿದು ಅವರ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ದೂಜಾಳ ವಿಷಯ ಮಾತ್ರ ನುಂಗಿಕೊಂಡೆ.

"ಅಂದ್ರೆ ನನ್ನ ಕಾಲು ಮುರಿದಿದ್ದು ನೀವಾ ಮೇಡಂ? ನಾನು ಸುಮ್ನೆ ಮೆಟ್ಟಿಲು ತೊಳೆಯೋಳನ್ನ ಬೈಕೊಂಡು ಮಲಗಿದ್ದೆ."

"ನಿಮಗೆ ತಾಳ್ಮೆ ಬರ್ಲಿ ಅಂತ ಇರಬಹುದು," ಎಂದೆ. ಪರೀಕ್ಷೆಯಲ್ಲಿ ಮಕ್ಕಳು ಬರೆಯುತ್ತಿದ್ದ ಉತ್ತರವೇ ಅದು.

"ಮೂವತ್ತು ವರ್ಷ ಬಿಸಿಲಲ್ಲಿ ಹಸಿರು ಬಾವುಟ ಹಿಡಿದು ನಿಂತೋನಿಗೆ ತಾಳ್ಮೆ ಕಲಿಸ್ತೀರಾ?" ನಗುತ್ತಲೇ ರೊಟ್ಟಿ ಅದ್ದಿಕೊಂಡರು. "ಆ ಊರಲ್ಲಿ ನಾನು ಒಬ್ನೇನಾ ಇದ್ದಿದ್ದು?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ದೂಜಾನೂ ಇದ್ರು."

"ಇದ್ರು ಅಂದ್ರೆ?"

"ಸಿಡಿಲಿಗೆ ಹೋದ್ರು."

ಅವರು ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು. "ಯಾಕೆ ಮೇಡಂ?" ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದಲ್ನೇ ಸಲ ಹೋದಾಗ್ಲೂ ಕೇಳ್ದೆ. ಡಾಕ್ಟರನ್ನ ಕೇಳ್ದೆ, ಇಮಾಮರನ್ನ ಕೇಳ್ದೆ. ಯಾರಿಗೂ ಗೊತ್ತಿರ್ಲಿಲ್ಲ. ಈ ಸಲ ಮಾಡಿದೋರು ನೀವೇ ಅಲ್ವಾ, ಹೇಳಿ."

"ಬೇಜಾರಾಗಿತ್ತು," ಎಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವರು ಫೋನು ತೋರಿಸಲು ಹೇಳಿದರು. ಸುಟ್ಟ ಜಾಗದಲ್ಲಿ ಪುಟ್ಟ ಮೊಂಜಿ ಇನ್ನೂ ಮೇಲೆ ನೋಡುತ್ತ ನಿಂತಿದ್ದ.

"ನನಗೆ ಹೇಳಿದ್ರೆ ಏನು ಬಂತು? ಇವನಿಗೆ ಹೇಳಿ."

ಪರದೆಯನ್ನೆಲ್ಲ ಹುಡುಕಿದೆ. ಪ್ರವಾಹಕ್ಕೆ ಗುಂಡಿ ಇತ್ತು, ತೋಳಗಳಿಗೆ ಇತ್ತು, ಕಾಮನಬಿಲ್ಲಿಗೂ ಇತ್ತು. ಅವನೊಡನೆ ಮಾತಾಡುವುದಕ್ಕೆ ಒಂದೂ ಇರಲಿಲ್ಲ. ಮೊಂಜಿಯವರು ನನ್ನ ಬೆರಳನ್ನೇ ನೋಡುತ್ತ ಕೂತಿದ್ದರು.